ಮಳೆ ಗ್ರೂಪಿನಿಂದ ಆನೆ ಗ್ರೂಪಿನವರೆಗೆ: ಜಾಲ ಕಟ್ಟುವವರಿಗೆ ಹನ್ನೊಂದು ಸೂತ್ರ

ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಆರೂವರೆಗೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಲ್ಲಿ ಯಾವ ಕಾಫಿ ಬೆಳೆಗಾರನ ಫೋನ್ ತೆರೆದರೂ ಕಾಣುವುದು ಇದೇ: 'ನಮ್ಮಲ್ಲಿ 72 ಸೆಂಟ್.' 'ಇಲ್ಲಿ ಬರೀ ಗುಡುಗು.' 'ಹಾಂದಿ ಕಡೆ 1 ಇಂಚು 10.' 'ಸಂಗಮೇಶ್ವರಪೇಟೆ ನಿಲ್.' ಬಯಲುಸೀಮೆಯವರಿಗೆ ಸೆಂಟ್ ಅಂದರೆ ಅತ್ತರು, ನಮಗೆ ಮಳೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ರೊಬಸ್ಟಾ ಮೊಗ್ಗು ಚೆನ್ನಾಗಿ ಅರಳಬೇಕಾದರೆ ಹೆಚ್ಚುಕಡಿಮೆ ಅಷ್ಟು ಬೇಕು. ಮೂವತ್ತು ಸೆಂಟ್ ಉದುರಿಸಿ ಮೋಡ ಹೋಯಿತೋ, ಸ್ಪ್ರಿಂಕ್ಲರ್ ಪೈಪು ಹೊತ್ತುಕೊಂಡು ಓಡಬೇಕು. ಬೇಲಿಯಾಚೆ ಸುರಿದ ಮಳೆ ಬೇಲಿಯೀಚೆ ಬೀಳದೆ ಹೋಗುವ ಊರು ಇದು. ಹಾಗಾಗಿ ಯಾರ ತೋಟದಲ್ಲಿ ಎಷ್ಟು ಎಂಬುದು ಎಲ್ಲರಿಗೂ ಬೇಕು.

ಈ ಮಳೆ ಗ್ರೂಪಿಗೆ ಅಧ್ಯಕ್ಷರಿಲ್ಲ, ಬೈಲಾ ಇಲ್ಲ, ವಾರ್ಷಿಕ ಮಹಾಸಭೆ ಮತ್ತು ಅದರ ಊಟವೂ ಇಲ್ಲ. ಆದರೂ ನಾನು ಕಂಡ ಸಂಘಟನೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ರಸ್ತೆ ಗುಂಡಿಗೆ, ಕರೆಂಟಿಗೆ, ಆನೆಗೆ, ಬಸ್ಸಿಗೆ ಎಂದು ಹದಿನಾಲ್ಕು ಗ್ರೂಪು ಸೇರಿದ್ದೇನೆ. ಮೂರಕ್ಕೆ ಅಡ್ಮಿನ್ ಆಗಿದ್ದೇನೆ. ಒಂದರಿಂದ ನನ್ನನ್ನು ಒಮ್ಮೆ ಹೊರಗೆ ಹಾಕಿದ್ದರು, ಅದರ ಕಥೆ ಮುಂದೆ ಬರುತ್ತದೆ. ಆ ಅನುಭವದ ಮೇಲೆ ಈ ಸೂತ್ರಗಳು.

1. ಸಣ್ಣ ಲೆಕ್ಕದಿಂದ ಶುರು ಮಾಡಿ

ಹೋರಾಟಕ್ಕೆಂದೇ ಹುಟ್ಟಿದ ಗ್ರೂಪು ಮೊದಲ ವಾರ ಕುದಿಯುತ್ತದೆ, ಎರಡನೇ ವಾರ ಆರುತ್ತದೆ, ಮೂರನೇ ವಾರದಿಂದ ಅದರಲ್ಲಿ ಶುಭೋದಯದ ಗುಲಾಬಿ ಅರಳುತ್ತದೆ. ಮಳೆ, ಕಾಫಿ ರೇಟು, ಕರೆಂಟ್ ಎಲ್ಲಿ ಹೋಗಿದೆ, ಯಾವ ಬಸ್ಸು ಇವತ್ತು ಬಂದಿಲ್ಲ ಎಂಬ ದಿನದ ಮಾತಿನ ಮೇಲೆ ನಿಂತದ್ದು ಮಾತ್ರ ಉಳಿಯುತ್ತದೆ. ವರ್ಷವಿಡೀ ಮಳೆಮಾಪಕ ನೋಡಿ 68 ಅನ್ನು 68 ಎಂದೇ ಬರೆದವನು ಯಾರು, 'ಒಂದು ಇಂಚಿನ ಹತ್ತಿರ ಹತ್ತಿರ' ಎಂದು ಬರೆದವನು ಯಾರು ಎಂಬುದು ಎಲ್ಲರ ತಲೆಯಲ್ಲೂ ಕೂತಿರುತ್ತದೆ. ಮುಂದೊಂದು ರಾತ್ರಿ ಮೊದಲನೆಯವನು 'ನಮ್ಮ ಗೇಟಿನ ಹತ್ತಿರ ಮೂರು ಆನೆ' ಎಂದು ಬರೆದರೆ ಊರು ಬಾಗಿಲು ಹಾಕಿಕೊಳ್ಳುತ್ತದೆ. ಎರಡನೆಯವನು ಬರೆದರೆ 'ಎಷ್ಟು ಪೆಗ್ ಆಯ್ತು ಮಾರಾಯ' ಎಂದು ಕೇಳುತ್ತದೆ.

2. ಬೇಕು ಅಥವಾ ಬೇಡ

ಬೇಡಿಕೆ ಎರಡು ಮೂರು ಪದದಲ್ಲಿ ಮುಗಿಯಬೇಕು. ಬೆಂಗಳೂರಿನವರಿಂದ ಕಲಿಯುವುದಿದ್ದರೆ ಇದೊಂದು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ಅಂದಾಜು 1,791 ಕೋಟಿ ರೂಪಾಯಿ, ಬಲಿಯಾಗಬೇಕಿದ್ದ ಮರ 812. ವಿರೋಧಿಸಿದವರು ಪ್ರಬಂಧ ಬರೆಯಲಿಲ್ಲ, 'ಸ್ಟೀಲ್ ಫ್ಲೈಓವರ್ ಬೇಡ' ಎಂದರು. ಅದೇ ಮಾತು ಫೇಸ್‌ಬುಕ್ಕಿನಲ್ಲಿ, ಟ್ವಿಟರಿನಲ್ಲಿ, ಆನ್‌ಲೈನ್ ಅರ್ಜಿಯಲ್ಲಿ, ಕೈಯಲ್ಲಿ ಹಿಡಿದ ರಟ್ಟಿನ ಮೇಲೆ. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು.

ನನಗೆ ಅದಕ್ಕಿಂತ ಇಷ್ಟವಾದದ್ದು ಅವರ ಮುಂದಿನ ಹೆಜ್ಜೆ. ಉಪನಗರ ರೈಲು ಕೇಳುವಾಗ ಅದೇ ಬಳಗ 'ಚುಕುಬುಕು ಬೇಕು' ಎಂದಿತು. ಬೇಡ ಅನ್ನುವುದಕ್ಕೆ ಸಿಟ್ಟು ಸಾಕು, ಬೇಕು ಅನ್ನುವುದಕ್ಕೆ ಲೆಕ್ಕ ಬೇಕು. ಆ ರೈಲಿಗೆ ಅಡಿಗಲ್ಲು ಬಿದ್ದದ್ದು 2022ರ ಜೂನ್‌ನಲ್ಲಿ. 'ಬೇಡ'ಕ್ಕೆ ಐದು ತಿಂಗಳು, 'ಬೇಕು'ಗೆ ಐದು ವರ್ಷದ ಮೇಲೆ. ನಿಮ್ಮ ಊರಿನ ಬೇಡಿಕೆ ಯಾವ ಜಾತಿಯದ್ದು ನೋಡಿಕೊಂಡು ದಮ್ಮು ಉಳಿಸಿಕೊಳ್ಳಿ.

3. ಒಂದೊಂದು ಜಾಲಕ್ಕೆ ಒಂದೊಂದು ಕೆಲಸ

ಒಂದೇ ಪೋಸ್ಟನ್ನು ಎಲ್ಲ ಕಡೆ ಸುರಿದರೆ ಸಂಘಟನೆ ಆಗುವುದಿಲ್ಲ, ಬೇಸರ ಆಗುತ್ತದೆ. ಯಾರು ಎಲ್ಲಿದ್ದಾರೆ ನೋಡಿ. ಪಂಚಾಯಿತಿ ಸದಸ್ಯರು, ಪಿಡಿಒ, ತೋಟದ ರೈಟರು, ಜೀಪಿನ ಡ್ರೈವರು ಇರುವುದು ವಾಟ್ಸ್‌ಆ್ಯಪ್‌ನಲ್ಲಿ. ಆಲ್ದೂರು ಬಿಟ್ಟು ಬೆಂಗಳೂರಿಗೋ ದುಬೈಗೋ ಹೋದ ಊರ ಮಕ್ಕಳು ಫೇಸ್‌ಬುಕ್ಕಿನಲ್ಲಿ. ಅವರಿಗಿಂತ ಚಿಕ್ಕವರು ಇನ್‌ಸ್ಟಾಗ್ರಾಂನಲ್ಲಿ. ಮಂತ್ರಿಗಳ, ಜಿಲ್ಲಾಡಳಿತದ ಖಾತೆಗಳು ಎಕ್ಸ್‌ನಲ್ಲಿ, ಅಂದರೆ ನಮ್ಮ ಹಳೆಯ ಟ್ವಿಟರಿನಲ್ಲಿ. ಲೈನ್‌ಮನ್ ಮಾತ್ರ ಎಲ್ಲೂ ಇಲ್ಲ, ಕಂಬದ ಮೇಲೆ ಇದ್ದಾನೆ. ಅವನಿಗೆ ಫೋನೇ ಮಾಡಬೇಕು.

ಹಾಗಾಗಿ ಕೆಲಸ ಹಂಚಿ. ಊರೊಳಗಿನ ತೀರ್ಮಾನ ವಾಟ್ಸ್‌ಆ್ಯಪ್‌ನಲ್ಲಿ, ಹೊರಗಿನವರಿಂದ ಹಣ ಮತ್ತು ಸಲಹೆ ಫೇಸ್‌ಬುಕ್ಕಿನಿಂದ, ಒತ್ತಡ ಎಕ್ಸ್‌ನಿಂದ. 2017ರಲ್ಲಿ 'ನಮ್ಮ ಮೆಟ್ರೋ ಹಿಂದಿ ಬೇಡ' ಎಂಬ ಕೂಗು ಎದ್ದದ್ದು ಟ್ವಿಟರಿನಲ್ಲಿ. ಅದು ಬೀದಿಗಿಳಿದು, ಪತ್ರಿಕೆ ಟಿವಿಗೆ ಹೋಗಿ, ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರಕ್ಕೆ ಪತ್ರ ಬರೆಯುವವರೆಗೆ ಬೆಳೆಯಿತು. ಟ್ವಿಟರಿನಲ್ಲೇ ಉಳಿದಿದ್ದರೆ ಟ್ವಿಟರಿನಲ್ಲೇ ಸಾಯುತ್ತಿತ್ತು.

ಇಷ್ಟೆಲ್ಲ ಕಿಟಕಿ ತೆರೆದ ಮೇಲೆ ಮನೆ ಒಂದೇ ಇರಲಿ. ಮನವಿಯ ಪ್ರತಿ, ಫೋಟೊ, ದಿನಾಂಕ, ಯಾವ ಅಧಿಕಾರಿ ಏನು ಹೇಳಿದರು, ಎಲ್ಲವೂ ಒಂದು ಕಡೆ. ನಮ್ಮದು ಇನ್ನೂ ಒಂದು ನೂರು ಪುಟದ ನೋಟ್‌ಬುಕ್. ಅದರ ಪುಟಗಳ ಫೋಟೊ ಗ್ರೂಪಿಗೆ ಹೋಗುತ್ತದೆ.

4. ಸುದ್ದಿಗೆ ಜಾಗ, ಹೊತ್ತು, ಕಂಡವರು

ಕಳಸ–ಹೊರನಾಡು ರಸ್ತೆಯಲ್ಲಿ ಭದ್ರಾ ನದಿಗೆ ಅಡ್ಡಲಾಗಿರುವ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗುತ್ತದೆ, ನಿಜ. ಆದರೆ ಗ್ರೂಪುಗಳಲ್ಲಿ ಅದು ಜೂನ್ ಮೊದಲ ಹನಿಗೇ ಮುಳುಗುತ್ತದೆ. ಹಳೆಯ ಫೋಟೊ, ಅದೇ ಕಂದು ನೀರು, ಅದೇ ಕೊಡೆ ಹಿಡಿದ ಇಬ್ಬರು. ಹೊರನಾಡಿಗೆ ಹೊರಟಿದ್ದ ಎಷ್ಟು ಕುಟುಂಬಗಳು ಈ ಫೋಟೊ ನೋಡಿ ಅರ್ಧ ದಾರಿಯಿಂದ ವಾಪಸಾಗಿವೆಯೋ!

ನಗುವ ಮೊದಲು ನನ್ನ ಕಥೆ ಕೇಳಿ. ಹಣ್ಣು ಕುಯ್ಲಿನ ಹೊತ್ತು, ಡಿಸೆಂಬರ್. ತೋಟದ ರಸ್ತೆಯಲ್ಲಿ ಸಾಲಾಗಿ ನಡೆಯುವ ಏಳು ಆನೆಗಳ ವಿಡಿಯೊ ಬಂತು. ಸಿಲ್ವರ್ ಮರ, ಮೆಣಸಿನ ಬಳ್ಳಿ, ಕಾಫಿ ಗಿಡ, ಎಲ್ಲ ನಮ್ಮದೇ ಥರ. 'ಇಲ್ಲೇ ಹತ್ತಿರ, ಎಚ್ಚರ' ಎಂದು ಬರೆದು ಮಳೆ ಗ್ರೂಪಿಗೆ ಹಾಕಿದೆ. ಸುತ್ತಲಿನ ನಾಲ್ಕು ತೋಟದವರು ಆಳುಗಳನ್ನು ಮನೆಗೆ ಕಳಿಸಿದರು. ಎರಡು ದಿನ ಕುಯ್ಲು ನಿಂತಿತು, ಹಣ್ಣು ಉದುರಿತು, ದಿನಗೂಲಿಯವರ ಎರಡು ದಿನದ ಸಂಬಳ ಹೋಯಿತು. ವಿಡಿಯೊ ಹಿಂದಿನ ವರ್ಷದ್ದು, ಬೇರೆ ಜಿಲ್ಲೆಯದ್ದು. ನನ್ನನ್ನು ಹೊರಗೆ ಹಾಕಿದ್ದು ಆಗಲೇ. ಸರಿಯಾಗಿಯೇ ಹಾಕಿದರು. ಆರು ತಿಂಗಳು ಮಳೆ ಲೆಕ್ಕವನ್ನು ನೆರೆಮನೆಯವರಿಂದ ಕೇಳಿ ತಿಳಿದುಕೊಂಡೆ.

ವಾಪಸ್ ಸೇರಿಸಿಕೊಂಡಾಗ ಗ್ರೂಪಿಗೆ ಹೊಸ ನಿಯಮ ಬಂದಿತ್ತು: ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕಣ್ಣಾರೆ ಕಂಡರು. ಮೂರೂ ಇಲ್ಲದಿದ್ದರೆ ಅಡ್ಮಿನ್ ಅಳಿಸುತ್ತಾರೆ, ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಎರಡು ದಿನದ ಕೂಲಿ ಹೋದದ್ದು ಸಣ್ಣ ನಷ್ಟ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ಅಮಾಯಕ ಯುವಕನ ಜೀವವೇ ಹೋಯಿತು. ಆ ತಿಂಗಳೇ ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಕಟ್ಟಿದರು. ಐದು ಕಡೆಗೆ ಕಳಿಸುವ ಮೊದಲು ಒಬ್ಬರಿಗೆ ಫೋನ್ ಮಾಡಿ ಕೇಳುವ ವ್ಯವಧಾನವನ್ನು ಯಾವ ಕಂಪನಿಯೂ ಕಟ್ಟಿಕೊಡುವುದಿಲ್ಲ.

5. ಅಪಾಯ ಯಾರಿಗೋ ಅವರು ಗ್ರೂಪಿನಲ್ಲಿ ಇದ್ದಾರೆಯೇ?

ಈ ಪ್ರಶ್ನೆ ಕೇಳಿಕೊಳ್ಳಲು ನಮಗೆ ವರ್ಷಗಳು ಹಿಡಿದವು. 2023ರ ನವೆಂಬರ್‌ನಲ್ಲಿ ಆಲ್ದೂರು ಸಮೀಪದ ಹೆಡದಾಳಿನಲ್ಲಿ ತೋಟದ ಕೂಲಿ ಕಾರ್ಮಿಕ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದರು. ಅದೇ ತಿಂಗಳು ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ಓಡಿಸಲು ಹೋದ ಆನೆ ಕಾರ್ಯಪಡೆಯ ಸಿಬ್ಬಂದಿಯೇ ಸತ್ತರು. ಬೆಳಗಿನ ಮಂಜಿನಲ್ಲಿ ಬುತ್ತಿ ಹಿಡಿದು ನಡೆದು ಹೋಗುವವರು ಕೂಲಿಯವರು. ಆನೆ ಎದುರಾಗುವುದು ಅವರಿಗೆ. ಗ್ರೂಪಿನಲ್ಲಿ ಇದ್ದವರು ಯಾರು? ಜೀಪಿನಲ್ಲಿ ಹೋಗುವ ನಾವು.

ಕೂಲಿಯವರು ಸಾಲಾಗಿ ವಾಸಿಸುವ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನವರಿದ್ದಾರೆ, ಜಾರ್ಖಂಡಿನವರಿದ್ದಾರೆ, ಹಿಂದಿನಿಂದ ಬಂದ ತಮಿಳರಿದ್ದಾರೆ. ಅವರಿಗೆ 'ಆನೆಗಳು ಕೆರೆ ಏರಿಯ ಮೇಲ್ಭಾಗದಲ್ಲಿವೆ' ಎಂಬ ಕನ್ನಡ ಸಾಲು ಏನೂ ಅಲ್ಲ. ಹಾಗಾಗಿ ಧ್ವನಿ ಸಂದೇಶ. ನಮ್ಮ ಕಡೆ ಈಗ ಒಂದೇ ಸುದ್ದಿಯನ್ನು ಮೂವರು ಹೇಳುತ್ತಾರೆ: ಕನ್ನಡದಲ್ಲಿ ರೈಟರು, ತಮಿಳಿನಲ್ಲಿ ಮೇಸ್ತ್ರಿ, ಹಿಂದಿಯಲ್ಲಿ ಅಸ್ಸಾಮಿನ ಹುಡುಗ. ಮೂರೂ ಸೇರಿ ಒಂದು ನಿಮಿಷ ಆಗುವುದಿಲ್ಲ. ಬೆಳಿಗ್ಗೆ ಐದೂವರೆಗೆ, ಒಲೆ ಹಚ್ಚುವ ಹೊತ್ತಿಗೆ, ಲೈನಿನಲ್ಲಿ ಒಂದು ಫೋನು ಜೋರಾಗಿ ಮಾತಾಡಿದರೆ ಹತ್ತು ಮನೆಗೆ ಕೇಳುತ್ತದೆ.

ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ಇದನ್ನು ನಮಗಿಂತ ಎಷ್ಟೋ ಮೊದಲು ಮಾಡಿ ತೋರಿಸಿದ್ದರು. ಆನೆಯಿಂದಾದ ಬಹುಪಾಲು ಸಾವು ಆನೆ ಅಲ್ಲಿದೆ ಎಂದು ಗೊತ್ತಿಲ್ಲದೆ ಎದುರು ಹೋದಾಗ ಆದದ್ದು ಎಂಬುದನ್ನು ಅವರು ಗಮನಿಸಿದರು. ಅಂದಮೇಲೆ ಬೇಕಾದದ್ದು ಕೋವಿಯಲ್ಲ, ಸುದ್ದಿ. ಕೇಬಲ್ ಟಿವಿಯ ಕೆಳಗೆ ಓಡುವ ಸಾಲು, ಸಾಮಾನ್ಯ ಫೋನಿಗೂ ಬರುವ ಎಸ್‌ಎಂಎಸ್, ದಾರಿಯಲ್ಲಿ ಎತ್ತರಕ್ಕೆ ನಿಲ್ಲಿಸಿದ, ಫೋನ್ ಕರೆಯಿಂದಲೇ ಹೊತ್ತಿಸಬಹುದಾದ ಕೆಂಪು ದೀಪ. ಒಂದೇ ಸುದ್ದಿ, ಮೂರು ದಾರಿ. ಸಾವು ಇಳಿಯಿತು. ನಮ್ಮ ಪಕ್ಕದ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಕಡೆಗೂ ಆ ಪದ್ಧತಿ ಬಂದಿದೆ.

ಇಲ್ಲೊಂದು ಸಣ್ಣ ಮಾತು. ಆನೆ ಗುಂಪಿಗೆ ಹೆಸರಿದ್ದರೆ ಸುದ್ದಿ ಚುರುಕಾಗುತ್ತದೆ. 'ಬೀಟಮ್ಮ ಗ್ಯಾಂಗ್', 'ಭುವನೇಶ್ವರಿ ಗ್ಯಾಂಗ್' ಎಂದರೆ ಹಾಸನ, ಚಿಕ್ಕಮಗಳೂರಿನ ಮಕ್ಕಳಿಗೂ ಗೊತ್ತು. ದೊಡ್ಡ ಗುಂಪೋ ಸಣ್ಣದೋ, ಮರಿ ಇದೆಯೋ, ಸಾಧುವೋ ಪುಂಡೋ, ಒಂದು ಹೆಸರಿನಲ್ಲಿ ಎಲ್ಲ ಬಂತು. ಒಂಟಿ ಸಲಗ ಎಂದರೆ ಮಾತ್ರ ಹೆಸರು ಕೇಳುತ್ತ ನಿಲ್ಲಬೇಡಿ.

6. ಸಿಗ್ನಲ್ ಇಲ್ಲದ ದಿನ

ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ನಮ್ಮ ಕಡೆ ಮೂರು ದಿನ, ಕೆಲವೊಮ್ಮೆ ವಾರ. ಟವರಿನ ಬ್ಯಾಟರಿ ಮೊದಲು ಸಾಯುತ್ತದೆ, ಆಮೇಲೆ ನಮ್ಮ ಫೋನು. ನಿಮ್ಮ ಜಾಲಕ್ಕೆ ಕಾಲು ಇರಬೇಕು. ಹತ್ತು ಮನೆಗೆ ಒಬ್ಬರು, ಆ ಒಬ್ಬರ ಮನೆಯಲ್ಲಿ ನಂಬರುಗಳು ಕಾಗದದ ಮೇಲೆ, ಗೋಡೆಗೆ ಅಂಟಿಸಿ. ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡುವ ವಯರು. ಇನ್ನು ಹೆಂಗಸರ ವಾರದ ಸಂಘಗಳನ್ನು ಕಡೆಗಣಿಸಬೇಡಿ. ವಾರಕ್ಕೊಮ್ಮೆ ತಪ್ಪದೆ ಸೇರಿ, ಹಾಜರಿ ಹಾಕಿ, ರೂಪಾಯಿ ಲೆಕ್ಕ ಸರಿ ಇಡುವ ಆ ಸಂಘಗಳ ಮುಂದೆ ನಮ್ಮ ಗಂಡಸರ ಗ್ರೂಪುಗಳು ಕಟ್ಟೆ ಪಂಚಾಯಿತಿ.

7. ಕೇಳುವಾಗ ಸಂಖ್ಯೆ ಬರೆಯಿರಿ

2018ರ ಆಗಸ್ಟ್‌ನಲ್ಲಿ ಕೊಡಗು ಕುಸಿಯಿತು. ಮರುವರ್ಷ ಅದೇ ತಿಂಗಳು ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ. 'ಸಂತ್ರಸ್ತರಿಗೆ ನೆರವಾಗಿ' ಎಂದು ಬರೆದರೆ ಏನು ಬರುತ್ತದೆ? ಹಳೆ ಸೀರೆ ಬರುತ್ತದೆ. '12 ಮನೆ, 9 ಗಂಬೂಟು, 20 ಕಂಬಳಿ, 4 ಟಾರ್ಪಾಲು, ನಾಳೆ ಬೆಳಿಗ್ಗೆ 10ರೊಳಗೆ ಬಸ್ ಸ್ಟ್ಯಾಂಡ್ ಹತ್ತಿರ' ಎಂದು ಬರೆದು ನೋಡಿ. ಒಬ್ಬ ಕಂಬಳಿ ತರುತ್ತಾನೆ, ಇನ್ನೊಬ್ಬ '6 ಬೂಟು ನನ್ನದು' ಎನ್ನುತ್ತಾನೆ. ಪಟ್ಟಿ ತುಂಬಿದ ಕೂಡಲೇ 'ಸಾಕು' ಎಂದು ಹಾಕಿ. ಸಾಕು ಅನ್ನುವುದಕ್ಕೆ ಬೇಕು ಅನ್ನುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

8. ಮೊಹರು ಹಾಕಿಸಿಕೊಳ್ಳಿ

ಸಾವಿರ ಲೈಕಿಗಿಂತ ಒಂದು ಸ್ವೀಕೃತಿ ಮೊಹರು ದೊಡ್ಡದು. ಕುದುರೆಮುಖದ ಗಣಿ ನಿಂತದ್ದು ಯಾವ ಹ್ಯಾಷ್‌ಟ್ಯಾಗಿನಿಂದಲೂ ಅಲ್ಲ, ಆಗ ಅದು ಹುಟ್ಟಿಯೇ ಇರಲಿಲ್ಲ. 1969ರಲ್ಲಿ 30 ವರ್ಷಕ್ಕೆ ಕೊಟ್ಟ ಗುತ್ತಿಗೆ 1999ಕ್ಕೆ ಮುಗಿದ ಮೇಲೂ ಗಣಿ ನಡೆಯುತ್ತಿದ್ದಾಗ ವೈಲ್ಡ್‌ಲೈಫ್ ಫಸ್ಟ್‌ನ ಕೆ.ಎಂ. ಚಿಣ್ಣಪ್ಪನವರು ದಾಖಲೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್. ಊರೂರಿನ ಜನ, ಪರಿಸರದ ಬಳಗಗಳು, ಪತ್ರಿಕೆಗಳು ಜೊತೆಗಿದ್ದವು. ಆದರೆ ಕೋರ್ಟು ಓದಿದ್ದು ಕಾಗದ.

ನಮ್ಮ ಮಟ್ಟಕ್ಕೆ ಇಳಿಸಿದರೆ: ಕರೆಂಟಿಗೆ 1912, ಕಾಡುಪ್ರಾಣಿಗೆ ಅರಣ್ಯ ಇಲಾಖೆಯ 1926, ಬೇರೆ ಅಹವಾಲಿಗೆ ಜನಸ್ಪಂದನದ 1902. ಕರೆ ಮಾಡಿದವರು ದೂರು ಸಂಖ್ಯೆ ಬರೆದುಕೊಳ್ಳಲಿ. ಅದನ್ನು ಗ್ರೂಪಿಗೆ ಹಾಕಲಿ. ಒಂದೇ ಕಂಬದ ಮೇಲೆ ಇಪ್ಪತ್ತು ಮನೆಯ ಇಪ್ಪತ್ತು ದೂರು ಸಂಖ್ಯೆ ಬಿದ್ದರೆ ಕಂಬ ಅಲ್ಲಾಡುತ್ತದೆ. ಗ್ರಾಮಸಭೆಗೆ ಹೋದರೆ ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ಬರೆದಾಗಿದೆಯೇ ನೋಡಿಯೇ ಸಹಿ ಹಾಕಿ. ಅಲ್ಲಿ ಹೋಳಿಗೆಯ ಘಮ ಬರುತ್ತಿರುತ್ತದೆ, ಕಾಲು ಆ ಕಡೆ ಎಳೆಯುತ್ತದೆ. ತಾಳ್ಮೆ ಇರಲಿ.

9. ಅಂಗಿ ಸುದ್ದಿಯಾದರೆ ಆನೆ ಮರೆಯಾಗುತ್ತದೆ

2022ರ ನವೆಂಬರ್ 20ರಂದು ಮೂಡಿಗೆರೆ ತಾಲ್ಲೂಕಿನ ಕುಂದೂರಿನಲ್ಲಿ ಆನೆ ಒಬ್ಬ ಮಹಿಳೆಯನ್ನು ಕೊಂದಿತು. ಆ ಸಿಟ್ಟಿನಲ್ಲಿ ಜನ ಅಲ್ಲಿಗೆ ಬಂದ ಶಾಸಕರ ಮೇಲೆ ಮುಗಿಬಿದ್ದರು. ಹರಿದ ಅಂಗಿಯ ದೃಶ್ಯ ರಾಜ್ಯವೆಲ್ಲ ಓಡಾಡಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆಣದ ಮುಂದೆ ಕೂತವರಿಗೆ ನೀತಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಮರುದಿನ ಫೋನುಗಳಲ್ಲಿ ಮಾತು ಅಂಗಿಯದ್ದೇ ಆಯಿತು: ಹರಿದದ್ದು ಯಾರು, ಹರಿದುಕೊಂಡದ್ದೋ ಹರಿಸಿದ್ದೋ. ಆನೆ ಹಿನ್ನೆಲೆಗೆ ಸರಿಯಿತು. ಆ ವರ್ಷದ ಕೊನೆಗೆ ಸರ್ಕಾರ ಆನೆ ಕಾರ್ಯಪಡೆ ರಚಿಸಿದ್ದು, ಮೂಡಿಗೆರೆಗೆ ಒಂದು ಪಡೆ ಬಂದದ್ದು, ಎಷ್ಟು ಜನರ ಗಮನಕ್ಕೆ ಬಂತು? ಪ್ರತಿಭಟನೆಗೆ ಹೊರಡುವ ಮೊದಲು ಮೂರು ಜನರನ್ನು ಗೊತ್ತು ಮಾಡಿ: ಮಾತಾಡುವವರು, ವಿಡಿಯೊ ಮಾಡುವವರು, ಬಿಸಿ ರಕ್ತದವರ ತೋಳು ಹಿಡಿಯುವವರು. ಮೂರನೆಯವರು ದಪ್ಪಗಿದ್ದರೆ ಒಳ್ಳೆಯದು.

10. ಅಡ್ಮಿನ್ ಮೂವರು, ಪಕ್ಷ ಶೂನ್ಯ

ಒಬ್ಬ ಮಲಗಿದ್ದಾಗ ಇನ್ನೊಬ್ಬ ಎದ್ದಿರಲಿ. ಮೂವರೂ ಒಂದೇ ಪಕ್ಷದವರು, ಒಂದೇ ಜಾತಿಯವರು, ಒಂದೇ ಬೀದಿಯವರು ಆಗಿರಬಾರದು. ಗ್ರೂಪಿಗೆ 1,024 ಜನ ಹಿಡಿಯುತ್ತಾರೆ ಎಂದು 1,024 ಜನರನ್ನು ತುಂಬಬೇಡಿ. ಚುನಾವಣೆ ಘೋಷಣೆಯಾದ ದಿನ 'ಅಡ್ಮಿನ್ ಮಾತ್ರ' ಒತ್ತಿ, ಎಣಿಕೆಯ ಮರುದಿನ ತೆಗೆಯಿರಿ.

11. ಕೆಲಸ ಮುಗಿದರೆ ಬಾಗಿಲು ಹಾಕಿ

ಗುಂಡಿ ಮುಚ್ಚಿದ ಮೇಲೆ ಗುಂಡಿ ಗ್ರೂಪು ಏಕೆ? ಮುಗಿಸುವ ದಿನ ಖರ್ಚಿನ ಲೆಕ್ಕ ಹಾಕಿ, ಓಡಾಡಿದವರ ಹೆಸರು ಬರೆದು, ಎಲ್ಲರನ್ನೂ ಬಿಡುಗಡೆ ಮಾಡಿ. ಮುಂದಿನ ಸಲ ಕರೆದರೆ ಬರುತ್ತಾರೆ. ಇದನ್ನು ಬರೆಯುತ್ತಿರುವ ನಾನೇ ಅಡ್ಮಿನ್ ಆಗಿರುವ 'ಬೀದಿದೀಪ' ಗ್ರೂಪು ಇನ್ನೂ ಇದೆ. ದೀಪ ಬಂದು ಎರಡು ವರ್ಷವಾಯಿತು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅದರಲ್ಲಿ ಹದಿಮೂರು ಗುಲಾಬಿ, ಎರಡು ಸೂರ್ಯೋದಯ, ಮತ್ತೆ ಮುಳುಗಿರುವ ಹೆಬ್ಬಾಳೆ ಸೇತುವೆ.